ಬೆಳಗಾಗುವಷ್ಟರಲ್ಲಿ ಬೆರಳಿಗೆ ಬಂದ ಪಾಠ

ಬಸವನಗುಡಿಯ ನಮ್ಮ ಮನೆಯಲ್ಲಿ ತಂಗಿಯ ಮಗಳು ವೀಣೆ ಕಲಿಯುತ್ತಿದ್ದಾಳೆ. ಒಂದು ಸಂಜೆ ಜಂಟಿ ವರಸೆಯನ್ನು ಎರಡನೆಯ ಕಾಲದಲ್ಲಿ ನುಡಿಸುವಾಗ, ಅವರೋಹಣದಲ್ಲಿ ‘ಪಪ ಮಮ’ ಬಂದಲ್ಲೆಲ್ಲ ಅವಳ ಬೆರಳು ಮೆಟ್ಟಿಲು ತಪ್ಪುತ್ತಿತ್ತು. ಇಪ್ಪತ್ತು ಸಲ ನುಡಿಸಿದರೂ ಸರಿಹೋಗದೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಮಲಗಿದಳು. ಮರುದಿನ ಬೆಳಿಗ್ಗೆ ಕುಳಿತವಳೇ ಅದೇ ವರಸೆಯನ್ನು ತಡೆಯಿಲ್ಲದೆ ನುಡಿಸಿ, “ದೊಡ್ಡಮ್ಮ, ರಾತ್ರಿ ನಾನು ವೀಣೆ ಮುಟ್ಟಲೇ ಇಲ್ಲವಲ್ಲ!” ಎಂದು ಬೆರಗಾದಳು.

ಆ ಬೆರಗಿಗೆ ಉತ್ತರ ನರಕೋಶಗಳ ನಡುವಿನ ಸಂಧಿಗಳಲ್ಲಿದೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಒಂದರ ಸಂದೇಶ ಇನ್ನೊಂದಕ್ಕೆ ದಾಟುವ ಸಂಧಿಯನ್ನು ಸಿನಾಪ್ಸ್ ಎನ್ನುತ್ತಾರೆ. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ ಎಂಬ ವಿಜ್ಞಾನಿಗಳು, ಮೊಲದ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹೋಗುವ ನರತಂತುಗಳನ್ನು ಸ್ವಲ್ಪ ಹೊತ್ತು ಬಿರುಸಾಗಿ ಪ್ರಚೋದಿಸಿದರೆ ಅಲ್ಲಿನ ಸಿನಾಪ್ಸ್‌ಗಳು ಗಂಟೆಗಟ್ಟಲೆ ಹೆಚ್ಚು ಬಲವಾಗಿ ಸ್ಪಂದಿಸುತ್ತವೆಂದು ತೋರಿಸಿದರು.

ಇದು ನಡೆಯುವ ಬಗೆ ಬಲು ಸೊಗಸಾದದ್ದು. ಕಳುಹಿಸುವ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ. ಪಡೆಯುವ ಕೋಶದಲ್ಲಿ ಎನ್‌ಎಂಡಿಎ ಎಂಬ ಬಾಗಿಲೊಂದಿದ್ದು, ಅದಕ್ಕೆ ಮೆಗ್ನೀಸಿಯಂ ಬಿರಡೆಯಂತೆ ಅಡ್ಡ ಕೂತಿರುತ್ತದೆ. ಗ್ಲುಟಮೇಟ್ ಬಂದ ಹೊತ್ತಿಗೇ ಪಡೆಯುವ ಕೋಶವೂ ಉದ್ದೀಪನಗೊಂಡಿದ್ದರೆ ಮಾತ್ರ ಬಿರಡೆ ಸರಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಂದರೆ ಎರಡೂ ಕೋಶಗಳು ಒಟ್ಟಿಗೆ ಎಚ್ಚೆತ್ತಿವೆ ಎಂಬುದನ್ನು ಈ ಒಂದು ಅಣುವೇ ಗುರುತಿಸುತ್ತದೆ. ಆ ಕ್ಯಾಲ್ಸಿಯಂನ ಪ್ರಭಾವದಿಂದ ಸಂದೇಶ ಹಿಡಿಯುವ ಗ್ರಾಹಕಗಳು ಸಿನಾಪ್ಸ್‌ನಲ್ಲಿ ಹೆಚ್ಚುತ್ತವೆ. ಈ ಬದಲಾವಣೆ ದಿನಗಟ್ಟಲೆ ಉಳಿಯಬೇಕಾದರೆ ಕೋಶದ ವಂಶವಾಹಿಗಳು ಕೆಲಸ ಆರಂಭಿಸಿ ಹೊಸ ಪ್ರೋಟೀನುಗಳು ತಯಾರಾಗಬೇಕು, ಸಂಧಿಯ ಗಾತ್ರವೇ ಹಿಗ್ಗಬೇಕು. ಕಲಿಕೆ ಎಂಬುದು ಇಷ್ಟು ಅಕ್ಷರಶಃ ದೇಹದ ಬೆಳವಣಿಗೆ ಎಂಬುದು ನನ್ನನ್ನು ಇಂದಿಗೂ ಪುಳಕಗೊಳಿಸುತ್ತದೆ.

ಇದಕ್ಕೆ ಸಮಯ ಬೇಕು, ನಿದ್ದೆಯೂ ಬೇಕು. ಹಗಲು ಓಡಾಡಿದಾಗ ಒಟ್ಟಿಗೆ ಮಿಡಿದ ಇಲಿಯ ಹಿಪೊಕ್ಯಾಂಪಸ್‌ನ ಕೋಶಗಳು ನಿದ್ದೆಯಲ್ಲೂ ಮತ್ತೆ ಒಟ್ಟಿಗೆ ಮಿಡಿಯುವುದನ್ನು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ದಾಖಲಿಸಿದರು. ಬೆರಳುಗಳಿಂದ ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಲು ಕಲಿತ ಮನುಷ್ಯರು, ನಡುವೆ ಅಭ್ಯಾಸವಿಲ್ಲದಿದ್ದರೂ, ಒಂದು ರಾತ್ರಿಯ ನಿದ್ದೆಯ ನಂತರ ಇನ್ನಷ್ಟು ಚುರುಕಾಗಿ ಒತ್ತಿದ್ದನ್ನೂ ಪ್ರಯೋಗಗಳು ತೋರಿಸಿವೆ.

ಆದರೆ ಅವಳ ಕಣ್ಣೀರು ನನ್ನನ್ನು ಹೆಚ್ಚು ಕಾಡಿತು. ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟಾಗ, ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದ ಕವಲುಗಳು ಬೆಳೆಯುವುದನ್ನು 2002ರಲ್ಲಿ ಪ್ರಕಟಿಸಿದರು. ಇಲಿಯ ಫಲಿತಾಂಶವನ್ನು ಮಗುವಿಗೆ ನೇರವಾಗಿ ಹೊಂದಿಸಲಾಗದು, ಒಂದು ಸಂಜೆಯ ಅಳು ದೀರ್ಘಕಾಲದ ಒತ್ತಡವೂ ಅಲ್ಲ. ಆದರೂ ಅವರ ಮುಂದಿನ ಅಧ್ಯಯನವನ್ನು ಓದಿದ ಮೇಲೆ, “ಇನ್ನೊಂದು ಸಲ ನುಡಿಸು” ಎಂದು ಒತ್ತಾಯಿಸಲು ನನಗೆ ಬಾಯಿ ಬರುತ್ತಿಲ್ಲ: 21 ದಿನಗಳ ಬಿಡುವು ಕೊಟ್ಟ ಮೇಲೂ ಆ ಇಲಿಗಳ ಅಮಿಗ್ಡಲಾದಲ್ಲಿ ಬೆಳೆದಿದ್ದ ಕವಲುಗಳು ಹಾಗೆಯೇ ಉಳಿದಿದ್ದವು.