ಒಂದೇ ಹಣ್ಣಿನ ಎರಡು ಬೀಜ

ವಿರಾಜಪೇಟೆ ಕಡೆಯ ತೋಟವೊಂದರಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ನಡೆದಿತ್ತು. ಕಣದ ಅಂಚಿನಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಆಡುತ್ತಿದ್ದರು. ಅವಳಿಗಳು, ಯಾರು ಯಾರೆಂದು ಗುರುತಿಸಲಾಗದಷ್ಟು ಹೋಲಿಕೆ. ಅಲ್ಲಿದ್ದ ಅಜ್ಜಿಯೊಬ್ಬರು ಕೆಂಪು ಹಣ್ಣೊಂದನ್ನು ಹಿಚುಕಿದರು. ಅಂಗೈಗೆ ಜಾರಿದ ಎರಡು ಬೀಜ ತೋರಿಸಿ, ‘ಇವೂ ಹೀಗೇ’ ಎಂದರು. ಆಮೇಲೆ ಮಕ್ಕಳ ತಾಯಿಯ ಕಡೆ ತಿರುಗಿ, ‘ಒಂದಾದರೂ ಗಂಡಾಗಬಾರದಿತ್ತೇನಮ್ಮಾ?’ ಎಂದರು. ಆಕೆ ತಲೆ ತಗ್ಗಿಸಿದಳು. ನನಗೆ ಸಂಕಟವಾಯಿತು.

ಮೊದಲು ಬೀಜದ ಮಾತು. ಹೂಮಳೆಗೆ ಅರಳುವ ಕಾಫಿ ಹೂವಿನ ಅಂಡಾಶಯದಲ್ಲಿ ಸಾಮಾನ್ಯವಾಗಿ ಬೀಜವಾಗಿ ಬೆಳೆಯುವ ಎರಡು ಅಂಡಕಗಳು. ಒಂದೊಂದಕ್ಕೂ ಬೇರೆಯದೇ ಪರಾಗಕಣ ಬೇಕು. ರೊಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಗಾಳಿಯೋ ಜೇನ್ನೊಣವೋ ಬೇರೆ ಗಿಡದಿಂದ ತಂದುಕೊಡಬೇಕು. ಹಾಗಾಗಿ ಒಂದೇ ಹಣ್ಣಿನ ಎರಡು ಬೀಜಗಳಿಗೆ ಇಬ್ಬರು ತಂದೆಯರೂ ಇರಬಹುದು! (ಒಂದು ಅಂಡಕ ಬೆಳೆಯದೆ ಹೋದರೆ ಉಳಿದದ್ದು ದುಂಡಗಾಗುತ್ತದೆ. ಅದೇ ಪೀಬೆರಿ.) ಇವು ಎರಡು ಅಂಡಗಳಿಂದ ಹುಟ್ಟುವ ಅವಳಿಗಳ ಹಾಗೆ. ಅಂಥ ಅವಳಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಆಗುವುದುಂಟು.

ಈ ಹುಡುಗಿಯರ ಕಥೆ ಬೇರೆ. ಇಬ್ಬರಿಗೂ ಸೇರಿ ಒಂದೇ ಮಾಸು ಇತ್ತೆಂದು ವೈದ್ಯರು ಹೇಳಿದ್ದರಂತೆ. ಅಂದರೆ ಒಂದು ಅಂಡ, ಒಂದು ವೀರ್ಯಾಣು ಕೂಡಿ ಆದ ಭ್ರೂಣ, ಸುಮಾರು ಮೂರು ದಿನ ಕಳೆದ ಮೇಲೆ ಎರಡಾಗಿ ಒಡೆದಿದೆ. ಅದಕ್ಕೂ ಮೊದಲೇ ಒಡೆದಿದ್ದರೆ ಒಬ್ಬೊಬ್ಬರಿಗೂ ಪ್ರತ್ಯೇಕ ಮಾಸು ಇರುತ್ತಿತ್ತು.

ಹೆಣ್ಣೋ ಗಂಡೋ ಎಂಬುದು ಆ ಒಡೆಯುವಿಕೆಗೂ ಮುಂಚೆ, ಅಂಡ ಮತ್ತು ವೀರ್ಯಾಣು ಕೂಡಿದ ಗಳಿಗೆಯಲ್ಲೇ ನಿರ್ಧಾರವಾಗಿರುತ್ತದೆ. ತಾಯಿಯ ಅಂಡದಲ್ಲಿರುವುದು ಎಕ್ಸ್ ವರ್ಣತಂತು. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ವೈ ಮೇಲಿನ ಎಸ್‌ಆರ್‌ವೈ ಎಂಬ ಜೀನು 1990ರಲ್ಲಿ ಪತ್ತೆಯಾಯಿತು. ಮೊದಲ ಆರು ವಾರ ಗಂಡು ಭ್ರೂಣದ್ದೂ ಹೆಣ್ಣು ಭ್ರೂಣದ್ದೂ ಜನನಗ್ರಂಥಿ ಒಂದೇ ರೀತಿ ಇರುತ್ತದೆ; ಆಮೇಲೆ ಈ ಜೀನು ಎಚ್ಚೆತ್ತರೆ ಅದು ವೃಷಣವಾಗುತ್ತದೆ. ಭ್ರೂಣ ಒಡೆದಾಗ ಎರಡೂ ಪಾಲಿಗೆ ಹೋಗುವುದು ಅದೇ ವರ್ಣತಂತುಗಳು. ಒಡೆದ ಮೇಲೆ ಒಂದು ಪಾಲು ವೈ ಕಳೆದುಕೊಂಡ ಪ್ರಕರಣಗಳಿವೆ, ಆದರೆ ತೀರಾ ಅಪರೂಪ. ‘ಒಂದಾದರೂ’ ಎಂಬ ಪ್ರಶ್ನೆಗೆ ಇಲ್ಲಿ ಎಡೆಯೇ ಇರಲಿಲ್ಲ. ಎಕ್ಸೋ ವೈಯೋ ಎಂದು ಆರಿಸುವುದು ತಂದೆಯ ಕೈಯಲ್ಲೂ ಇಲ್ಲ. ತಾಯಿಯನ್ನಂತೂ ಕೇಳುವಂತೆಯೇ ಇಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು ಮಕ್ಕಳನ್ನು ಹತ್ತಿರ ಕರೆದರು. ಹಣ್ಣಿನ ರಸದಿಂದ ಅಂಟಂಟಾಗಿದ್ದ ಅವರ ಬೆರಳುಗಳನ್ನು ಸೆರಗಿನಿಂದ ಒರೆಸುವಾಗ ನಾನು ಆ ಬೆರಳ ತುದಿಗಳನ್ನೇ ನೋಡುತ್ತಿದ್ದೆ. ಅಲ್ಲಿನ ಗೆರೆಗಳು ಗರ್ಭದೊಳಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿಯೇ ಮೂಡಿರುತ್ತವೆ.