‘ಗೋಲ್ಡ್ ರಶ್’ ಡಿವಿಡಿ: ಒಬ್ಬರಿಗೆ ಚೊಲೋ, ಇನ್ನೊಬ್ಬರಿಗೆ ಬ್ಯಾಸರ ಯಾಕ?

ಪ್ರಶ್ನೆ: ಚಾರ್ಲಿ ಚಾಪ್ಲಿನ್‌ನ ‘ದಿ ಗೋಲ್ಡ್ ರಶ್’ ಡಿವಿಡಿ ಬಗ್ಗೆ ಕೇಳಿದ್ರ, ನಕ್ಕು ನಕ್ಕು ಹೊಟ್ಟಿ ಹುಣ್ಣಾತು ಅಂತಾರ ಒಬ್ಬರು. ಯಾವನೋ ಹಿಂದಿನಿಂದ ಒಂದ ಸಮನ ಮಾತಾಡ್ತಾನ, ಬ್ಯಾಸರ ಬಂತು ಅಂತಾರ ಇನ್ನೊಬ್ಬರು. ಮನ್ಯಾಗ ಹುಡುಗರಿಗೆ ತೋರಸಬೇಕಂತ ಮಾಡೀನಿ. ಯಾವುದು ತಗೋಬೇಕ್ರಿ? (ಓದುಗರು, ಗದಗ)

ಉತ್ತರ: ಇಬ್ಬರದೂ ಖರೇನೇ. ಅವರು ನೋಡಿದ್ದು ಒಂದೇ ಸಿನಿಮಾ ಅಲ್ಲ, ಅಷ್ಟೇ. 1925ರಲ್ಲಿ ಬಂದದ್ದು ಮೂಕಿ ಚಿತ್ರ. ನಡುನಡುವೆ ಅಕ್ಷರದ ಫಲಕಗಳು ಬರುತ್ತವೆ. 1942ರಲ್ಲಿ ಚಾಪ್ಲಿನ್ ತಾನೇ ಅದನ್ನು ಮತ್ತೆ ಕತ್ತರಿಸಿ, ಫಲಕ ತೆಗೆದು, ತನ್ನದೇ ದನಿಯಲ್ಲಿ ನಿರೂಪಣೆ ಮತ್ತು ಸಂಗೀತ ಸೇರಿಸಿ ಬಿಡುಗಡೆ ಮಾಡಿದ. ಕೊನೆಯ ಮುತ್ತಿನ ದೃಶ್ಯವೂ ಹೋಯಿತು. ‘ಯಾವನೋ ಮಾತಾಡ್ತಾನ’ ಎಂದವರು ಬೈದದ್ದು ಖುದ್ದು ಚಾಪ್ಲಿನ್‌ನನ್ನೇ.

ಗುರುತು ಹಿಡಿಯುವುದು ಸುಲಭ. ಡಬ್ಬಿಯ ಹಿಂದೆ ಅವಧಿ ನೋಡಿ: 72 ನಿಮಿಷದ ಆಸುಪಾಸು ಇದ್ದರೆ 1942ರದ್ದು, ಒಂದೂವರೆ ತಾಸಿನ ಹತ್ತಿರವಿದ್ದರೆ 1925ರದ್ದು. ಕಾಪಿರೈಟ್ ಹಕ್ಕು ನವೀಕರಣವಾಗದ ಕಾರಣ ಅಮೆರಿಕದಲ್ಲಿ 1925ರ ಚಿತ್ರವನ್ನು ಕಂಡಕಂಡವರು ಡಿಸ್ಕ್ ಮಾಡಿ ಮಾರಿದರು. ಸವೆದ ಪ್ರಿಂಟು, ಸಿಕ್ಕ ಪಿಯಾನೋ ಸಂಗೀತ. ಎರಡು ಬನ್ನಿಗೆ ಎರಡು ಫೋರ್ಕ್ ಚುಚ್ಚಿ ಚಾಪ್ಲಿನ್ ಮೇಜಿನ ಮೇಲೆ ‘ಕಾಲು’ ಕುಣಿಸುವ ದೃಶ್ಯವನ್ನು ಇಂಥ ಡಿಸ್ಕಿನಲ್ಲಿ ನೋಡಿ: ಹೆಜ್ಜೆ ಒಂದು ಕಡೆ, ತಾಳ ಇನ್ನೊಂದು ಕಡೆ. ನಗು ಬರದಿದ್ದರೆ ನೋಡಿದವರ ತಪ್ಪಲ್ಲ. ‘ರಿಸ್ಟೋರ್ಡ್’ (ಹಳೆ ಚಿತ್ರವನ್ನು ದುರಸ್ತಿ ಮಾಡಿದ್ದು) ಎಂದು ಬರೆದದ್ದನ್ನೇ ಹುಡುಕಿ. ಎರಡೂ ಆವೃತ್ತಿ ಇರುವ ಡಿಸ್ಕ್ ಸಿಕ್ಕರೆ ಬಿಡಬೇಡಿ.

‘ಎಲ್ಲರೂ ಓಡೋಡಿ ನಡೀತಾರ’ ಎಂಬ ದೂರೂ ಉಂಟು. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಚೌಕಟ್ಟು (ಫ್ರೇಮ್) ಹಿಡಿದದ್ದನ್ನು ಟಾಕಿಯ 24ರ ವೇಗದಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಚುರುಕು. ಹಾಗಂತ ರಿಮೋಟ್ ಹಿಡಿದು ನಿಧಾನ ಮಾಡಬೇಡಿ. ಹಾಸ್ಯ ಚಿತ್ರದವರು ಬೇಕೆಂತಲೇ ನಿಧಾನ ತಿರುಗಿಸಿ, ಪರದೆ ಮೇಲೆ ಚುರುಕು ಬರುವಂತೆ ಮಾಡುತ್ತಿದ್ದರು. ನಿಧಾನ ಮಾಡಿದರೆ ಬೀಳುವವನು ಬೀಳುವಷ್ಟರಲ್ಲಿ ನಗು ಆರಿಹೋಗುತ್ತದೆ.

ನಿಜವಾಗಿ ಕೆಡಿಸುವುದು ಟಿವಿ. ಚಿತ್ರದ ಅಳತೆ 4:3, ಈಗಿನ ಟಿವಿ 16:9. ‘ಫುಲ್’ ಇಟ್ಟರೆ ಚಾಪ್ಲಿನ್ ಗಿಡ್ಡ ಗುಂಡಪ್ಪನಾಗುತ್ತಾನೆ. ‘ಜೂಮ್’ ಇನ್ನೂ ಕೆಟ್ಟದ್ದು: ಮೇಲೆ ಕೆಳಗೆ ಸೇರಿ ಕಾಲು ಭಾಗ ಚಿತ್ರ ಕತ್ತರಿಸಿಹೋಗಿ, ಪಾದಗಳೇ ಕಾಣುವುದಿಲ್ಲ. ಪಾದ ಕಾಣದಿದ್ದರೆ ಚಾಪ್ಲಿನ್‌ನ ನಡಿಗೆಯಲ್ಲಿ ಉಳಿಯುವುದಾದರೂ ಏನು? ಸೆಟ್ಟಿಂಗ್ಸ್‌ನ ‘ಪಿಕ್ಚರ್ ಸೈಜ್’ನಲ್ಲಿ 4:3 ಆರಿಸಿ, ಎಡಬಲಕ್ಕೆ ಕಪ್ಪು ಪಟ್ಟಿ ಬಂದರೆ ಬರಲಿ. ಅಲ್ಲೇ ‘ಮೋಷನ್’ ಹೆಸರಿನ ಆಯ್ಕೆ ಇದ್ದರೆ ಆಫ್ ಮಾಡಿ. ಇಲ್ಲದ ಚೌಕಟ್ಟುಗಳನ್ನು ಅದು ತಾನೇ ಹುಟ್ಟಿಸಿ ಚಿತ್ರವನ್ನು ಜಾರಿಸಿಬಿಡುತ್ತದೆ.

ಅಮೆರಿಕದಿಂದ ಯಾರಾದರೂ ತಂದುಕೊಡುತ್ತಾರೆಂದರೆ ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ಭಾಗದ ಪ್ಲೇಯರಿಗೆ ಎಂದು ಹೇಳುವ ಸಂಖ್ಯೆ. ಅಲ್ಲಿಯ ಡಿವಿಡಿ 1, ನಮ್ಮದು 5. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ, ಆಮೇಲೆ ಲಾಕ್.

ಮಕ್ಕಳಿಗಾದರೆ ನಮ್ಮ ಮತ 1925ರದ್ದಕ್ಕೇ. 1942ರ ನಿರೂಪಣೆ ಇಂಗ್ಲಿಷಿನದು. ಮ್ಯೂಟ್ ಮಾಡಿದರೆ ಒಂದೇ ಟ್ರ್ಯಾಕಿನಲ್ಲಿರುವ ಸಂಗೀತವೂ ಹೋಗುತ್ತದೆ. ಮೂಕಿಯಲ್ಲಿ ಫಲಕ ಬಂದಾಗ ಪಾಸ್ ಒತ್ತಿ, ಮನೆಯಲ್ಲಿ ಇಂಗ್ಲಿಷ್ ಬಲ್ಲವರು ನಿಮ್ಮ ಗದಗಿನ ಮಾತಲ್ಲೇ ಓದಿ ಹೇಳಿದರಾಯಿತು. ಹಸಿವಿಗೆ ಬೂಟನ್ನೇ ಬೇಯಿಸಿ ತಿನ್ನುವ ದೃಶ್ಯಕ್ಕೆ ಅದೂ ಬೇಡ. ಸಣ್ಣವರು ‘ಖರೇ ಬೂಟೇನು?’ ಎಂದು ಕೇಳಿಯೇ ಕೇಳುತ್ತಾರೆ. ಅಲ್ಲ, ಲಿಕೊರಿಸ್ ಮಿಠಾಯಿಯಲ್ಲಿ ಮಾಡಿದ್ದು. ಅಂದರೆ ನಮ್ಮ ಜೇಷ್ಠಮಧುವಿನ ಜಾತಿಯದು.