ನಾವೇ ಟೈಪ್ ಮಾಡಿಸಿದ ಬರಹ ಕಿಂಡಲ್‌ಗೆ ಹೋಗುತ್ತಾ?

ಪ್ರಶ್ನೆ: ಅಪ್ಪ ಬರೆದ ನೆನಪುಗಳನ್ನು ಮಂಡ್ಯದ ಒಂದು ಡಿಟಿಪಿ ಅಂಗಡಿಯಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದೆ. ವರ್ಡ್ ಫೈಲನ್ನು ಅವರ ಕಿಂಡಲ್‌ಗೆ (ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ) ಕಳಿಸಿದರೆ ಒಂದಕ್ಷರವೂ ಕನ್ನಡದಲ್ಲಿ ಕಾಣುತ್ತಿಲ್ಲ. ದುಡ್ಡು ಕೊಟ್ಟು ಕೊಂಡ ಪುಸ್ತಕ ಮಾತ್ರ ಅದರಲ್ಲಿ ಓದಬೇಕಾ?

ಹಾಗೇನಿಲ್ಲ. ನಿಮ್ಮ ಬರಹವೂ ಹೋಗುತ್ತದೆ. ಇಲ್ಲಿ ತೊಡಕು ಕಿಂಡಲ್‌ನದ್ದಷ್ಟೇ ಅಲ್ಲ, ಅಕ್ಷರದ್ದು.

ಕಿಂಡಲ್‌ನಲ್ಲಿ ಆ ಫೈಲ್ ತೆರೆದು ನೋಡಿ. 'ಕ' ಇರಬೇಕಾದ ಕಡೆ ಇಂಗ್ಲಿಷಿನ ಪಿ, 'ನ' ಇರಬೇಕಾದ ಕಡೆ ಪೌಂಡ್ ಗುರುತು ಇದೆ, ಅಲ್ವಾ? ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ಕಿಂಡಲ್‌ಗೆ ಬಂದಾಗ ಆ ಫಾಂಟ್ ಕಳಚಿಹೋಗುತ್ತದೆ, ಒಳಗಿದ್ದ ಇಂಗ್ಲಿಷ್ ಹೊರಗೆ ಕಾಣುತ್ತದೆ. ನಮ್ಮಜ್ಜಿಯ ಸೋಬಾನೆ ಹಾಡುಗಳಿಗೂ ಹೀಗೇ ಆಗಿತ್ತು. ಎಲ್ಲ ಹಾಳಾಯಿತು ಅಂತ ಮೈಸೂರಿನ ಮನೆಯಲ್ಲಿ ಅಮ್ಮ ಕಣ್ಣೀರು ಹಾಕಿದ್ದರು. ಏನೂ ಹಾಳಾಗಿರಲಿಲ್ಲ.

ಸುಲಭದ ದಾರಿ ಪಿಡಿಎಫ್. ಅದರಲ್ಲಿ ಫಾಂಟ್ ಫೈಲಿನ ಜೊತೆಗೇ ಹೋಗುತ್ತದೆ. ಆದರೆ ಎ4 ಹಾಳೆಯನ್ನು ಹಾಗೇ ಪಿಡಿಎಫ್ ಮಾಡಬೇಡಿ. 6 ಇಂಚಿನ ಪರದೆಯಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಗುತ್ತದೆ, ವಯಸ್ಸಾದವರ ಕಣ್ಣಿಗೆ ಅದು ಹಿಂಸೆ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪುಟದ ಅಳತೆಯನ್ನು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ ಮಾಡಿ. ಅಂಚು ಅರ್ಧ ಸೆಂ.ಮೀ. ಸಾಕು. ಅಕ್ಷರ 14ಕ್ಕೋ 16ಕ್ಕೋ ಇಡಿ. ಆಮೇಲೆ ಪಿಡಿಎಫ್ ಮಾಡಿ. ಪುಟಗಳು ಜಾಸ್ತಿ ಆಗುತ್ತವೆ, ಆಗಲಿ ಬಿಡಿ. ಕಿಂಡಲ್‌ನಲ್ಲಿ ಪಿಡಿಎಫ್ ಪುಟವನ್ನು ಹಿಗ್ಗಿಸಿ ನೋಡಬಹುದೇ ಹೊರತು, ಇ-ಪುಸ್ತಕದ ಹಾಗೆ ಅಕ್ಷರದ ಗಾತ್ರ ಬದಲಿಸಲು ಆಗದ ಕಾರಣ ಈ ಅಳತೆಯನ್ನು ಮೊದಲೇ ಸರಿಮಾಡಿಕೊಳ್ಳಬೇಕು.

ಕಂಪ್ಯೂಟರಿಗೆ ವೈರ್ ಹಾಕಿ, ಕಿಂಡಲ್‌ನ 'ಡಾಕ್ಯುಮೆಂಟ್ಸ್' ಫೋಲ್ಡರಿಗೆ ಪಿಡಿಎಫ್ ಕಾಪಿ ಮಾಡಿ. ಕಂಪ್ಯೂಟರಿನಲ್ಲಿ ಕಿಂಡಲ್ ಕಾಣದಿದ್ದರೆ ಮೊದಲು ವೈರ್ ಬದಲಿಸಿ; ಕೆಲವು ವೈರ್‌ಗಳು ಬರೀ ಚಾರ್ಜ್ ಮಾಡುತ್ತವೆ. ಅಪ್ಪನ ಕಿಂಡಲ್‌ನ ಇಮೇಲ್ ವಿಳಾಸಕ್ಕೂ ಕಳಿಸಬಹುದು. ಆದರೆ ನಿಮ್ಮ ಇಮೇಲ್ ವಿಳಾಸವನ್ನು ಅಪ್ಪನ ಅಮೆಜಾನ್ ಖಾತೆಯ ಒಪ್ಪಿಗೆ ಪಟ್ಟಿಗೆ ಸೇರಿಸಿರಬೇಕು. ವಿಷಯದ ಜಾಗದಲ್ಲಿ 'ಕನ್ವರ್ಟ್' ಅಂತ ಬರೆಯಬೇಡಿ, ಬರೆದರೆ ಪುಟದ ಜೋಡಣೆ ಕೆಡುತ್ತದೆ. ಇಪಬ್ (ಇ-ಪುಸ್ತಕದ ಒಂದು ಬಗೆಯ) ಫೈಲ್ ಇದ್ದರೆ ಅದನ್ನು ಇಮೇಲ್‌ನಲ್ಲೇ ಕಳಿಸಿ. ವೈರ್‌ನಲ್ಲಿ ಹಾಕಿದರೆ ತೆರೆಯುವುದಿಲ್ಲ.

ಇನ್ನೊಂದು ಮಾತು. ಪುರುಸೊತ್ತಾದಾಗ ಆ ಬರಹವನ್ನು ಯೂನಿಕೋಡ್‌ಗೂ (ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ ಪದ್ಧತಿ) ಬದಲಾಯಿಸಿ ಇಡಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪಬಹುದು, ಹಾಗಾಗಿ ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಓದಿ ತಿದ್ದಿ.